ಉಷ್ಣದ ಮಾತ್ರೆಗೆ ತಂಪಿನ ಮದ್ದು

"ಇದು ಒಣಗಿದೆಯೋ ಇಲ್ವೋ, ನೀವೇ ಹೇಳಿ ಯಜಮಾನ್ರೇ."

ಅಟ್ಟದಿಂದ ಆಗಷ್ಟೇ ಇಳಿಸಿದ ತೆಂಗಿನಕಾಯೊಂದನ್ನು ಸರ್ಕಲ್ ಇನ್‌ಸ್ಪೆಕ್ಟರ್ ಯಮುನಾ, ಕೊಬ್ಬರಿ ವ್ಯಾಪಾರಿ ಬಸವರಾಜಪ್ಪನವರ ಕೈಗಿಟ್ಟಳು. ಅವರು ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಣಗಿದ ಕೊಬ್ಬರಿ ಉಂಡೆ ಚಿಪ್ಪಿನೊಳಗೆ ಲೊಟಲೊಟ ಬಡಿಯಿತು. ಅಂಗಳದ ಆ ತುದಿಯಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ರವಿಕಿರಣನಿಗೂ ಸದ್ದು ಕೇಳಿಸಿತು.

"ನೀರೈತೆ," ಅಂದರು ಬಸವರಾಜಪ್ಪ. ಮತ್ತೊಮ್ಮೆ ಅಲ್ಲಾಡಿಸಿದರು. "ಇಲ್ಲ... ಒಳಗೆ ಏನೋ ಐತೆ. ಏನದು?"

ಶೆಟ್ಟಿಕೆರೆಯಲ್ಲಿ ಈ ಸಂಗತಿ ಹೇಳಿದರೆ ಹೇಳಿದವನಿಗೇ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಅಟ್ಟದ ಮೇಲೆ ವರ್ಷವಿಡೀ ಮಲಗಿ ನೀರು ಇಂಗಿಸಿಕೊಂಡ ಕಾಯಿ ಯಾವುದು, ಇನ್ನೂ ಹಸಿ ಉಳಿದದ್ದು ಯಾವುದು ಎಂದು ಏಣಿಯ ಕೆಳಗೆ ನಿಂತೇ ಹೇಳುತ್ತಿದ್ದ ಮನುಷ್ಯ ಇವರು. ತಿಪಟೂರಿನ ಮಾರುಕಟ್ಟೆಯಲ್ಲಿ ಬಸವರಾಜಪ್ಪ ಕಿವಿಗೆ ಹಿಡಿದ ಕಾಯನ್ನು ಎರಡನೆಯವರು ಮುಟ್ಟಿ ನೋಡುತ್ತಿರಲಿಲ್ಲ. ಅರವತ್ತೂ ಆಗದ ಆ ಮನುಷ್ಯ ಈಗ ಕಾಯನ್ನು ಮಡಿಲಲ್ಲಿಟ್ಟುಕೊಂಡು, ಇದನ್ನು ಯಾರು ಕೊಟ್ಟರೆಂದು ಸುತ್ತ ಹುಡುಕುತ್ತಿದ್ದರು.

ಇಂಥವರ ಬಾಯಿಂದ ಬಂದ ಒಂದು ಹೆಸರಿನ ಮೇಲೆ ಒಬ್ಬ ಮನುಷ್ಯ ಜೈಲಿನಲ್ಲಿದ್ದ. ಈ ಮನೆಯ ಹಿಂದಿನ ಗೋದಾಮಿನಲ್ಲಿ ಬಸವರಾಜಪ್ಪನವರ ವ್ಯಾಪಾರದ ಜೊತೆಗಾರ ಗಂಗಾಧರಯ್ಯ ಮಚ್ಚಿನ ಏಟು ತಿಂದು ಸತ್ತಾಗ ಕಂಡವರು ಇವರೊಬ್ಬರೇ. ಲಾರಿಗೆ ಚೀಲ ತುಂಬುವ ಜುಂಜೇಶನ ಹೆಸರು ಹೇಳಿದ್ದರು. ಯಮುನಾ ಇಲ್ಲಿಗೆ ವರ್ಗವಾಗಿ ಬರುವಷ್ಟರಲ್ಲಿ ಹಿಂದಿನ ಇನ್‌ಸ್ಪೆಕ್ಟರು ಫೈಲು ಕಟ್ಟಿ ಕೈ ತೊಳೆದುಕೊಂಡಿದ್ದರು.

"ಆವತ್ತು ಯಾರನ್ನ ನೋಡಿದ್ರಿ?"

"ಜುಂಜನ್ನ."

"ಮಳೆ ಬರ್ತಿತ್ತಾ?"

"ಹೂಂ."

"ಬಿಸಿಲಿತ್ತಾ?"

"ಹೂಂ, ಬಿಸ್ಲು."

"ನಾನೂ ಅಲ್ಲಿದ್ನಾ?"

ಬಸವರಾಜಪ್ಪ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಇದ್ಯಲ್ಲಮ್ಮ," ಅಂದರು.

ಯಮುನಾ ಎದ್ದುಬಿಟ್ಟಳು. ಅವಳಿಗೆ ಕೂತಲ್ಲಿ ಕೂರುವುದೇ ಆಗುತ್ತಿರಲಿಲ್ಲ. ನಾಳೆ ಕೋರ್ಟಿನಲ್ಲಿ ಜುಂಜೇಶನ ಜಾಮೀನಿನ ವಿಚಾರಣೆ. ಅವನ ತಾಯಿ ಮುದ್ದಕ್ಕ ದಿನಾ ಬೆಳಗಾದರೆ ಚಿಕ್ಕನಾಯಕನಹಳ್ಳಿ ಠಾಣೆಯ ಮುಂದಿನ ಹೊಂಗೆ ಮರದಡಿ ಬಂದು ಕೂರುತ್ತಿದ್ದಳು. ಬಯ್ಯುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. "ಕುರಿ ಕುಯ್ಯೋದ್ನೇ ನೋಡಕ್ಕಾಗದೆ ಎದ್ದೋಗೋನು ಕಣವ್ವಾ ನನ್ ಮಗ," ಎಂದು ಒಂದೇ ಸಲ ಹೇಳಿದ್ದಳು. ಹುಳಿಯಾರಿನ ಕಡೆ ಅಂಥದೇ ಕುರಿ ಕಾಯುವವರ ಹಟ್ಟಿಯಲ್ಲಿ ಹುಟ್ಟಿದ ಯಮುನಾಳಿಗೆ ಆ ಮಾತು ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು. ಠಾಣೆಯಲ್ಲಿ ಆಗಲೇ ಗುಸುಗುಸು ಎದ್ದಿತ್ತು, ಮೇಡಂ ತಮ್ಮ ಜನ ಅಂತ ಒದ್ದಾಡುತ್ತಾರೆ ಎಂದು. ಒದ್ದಾಡುತ್ತೇನೆ, ಏನೀಗ, ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಿದ್ದಳು.

ನಿನ್ನೆ ತುಮಕೂರಿನಲ್ಲಿ ಡಾಕ್ಟರ್ ಕೋಮಲಾ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಅದಕ್ಕೂ ಮೊದಲು ಬಸವರಾಜಪ್ಪನವರ ಒಪ್ಪಿಗೆಯನ್ನು, ಅವರ ಹೆಂಡತಿಯ ಒಪ್ಪಿಗೆಯನ್ನು ಎದುರೆದುರೇ ಕೇಳಿ ಪಡೆದಿದ್ದರು.

"ಇವರಿಗಿರೋದು ಎಚ್‌ಐವಿ. ಬಹಳ ವರ್ಷದಿಂದ ಇದೆ, ಗೊತ್ತಾಗಿದ್ದು ತಡವಾಗಿ," ಅಂದಿದ್ದರು ಕೋಮಲಾ. "ಎಲ್ಲಿಂದ ಬಂತು ಅನ್ನೋದು ನನ್ನ ಪ್ರಶ್ನೆಯೂ ಅಲ್ಲ, ನಿಮ್ಮದೂ ಅಲ್ಲ."

"ನನಗೆ ಬೇಕಾಗಿರೋದು ಅವರ ನೆನಪು ಮಾತ್ರ ಡಾಕ್ಟ್ರೇ."

"ಅದನ್ನೇ ಹೇಳ್ತಿದ್ದೀನಿ. ಈ ವೈರಸ್ಸು ರಕ್ತದಲ್ಲಿ ಎಷ್ಟಿದೆ ಅಂತ ಅಳೆಯೋದಕ್ಕೆ ವೈರಲ್ ಲೋಡ್ ಅಂತೀವಿ. ಅದು ರಕ್ತದಲ್ಲಷ್ಟೇ ಇರಲ್ಲ, ಮೆದುಳಿಗೂ ಹೋಗಿ ಮನೆ ಮಾಡುತ್ತೆ. ನರಗಳನ್ನ ನೇರವಾಗಿ ತಿನ್ನಲ್ಲ. ಪಕ್ಕದಲ್ಲಿರೋ ಕಾವಲು ಕೋಶಗಳಲ್ಲಿ ಕೂತು ಅವನ್ನ ಕೆರಳಿಸುತ್ತೆ. ಆ ಉರಿಗೆ ಮೆದುಳು ಸೊರಗುತ್ತೆ. ಮಾತು ನಿಧಾನ ಆಗುತ್ತೆ, ನಡಿಗೆ ತಪ್ಪುತ್ತೆ, ನೆನಪು ಕಲಸಿಹೋಗುತ್ತೆ. ಯಾರು ಏನು ಕೇಳಿದ್ರೂ ಹೂಂ ಅಂತಾರೆ."

"ಲೋಡ್ ಇಳಿದ್ರೆ?"

"ತುಂಬಾ ಜನಕ್ಕೆ ಮಬ್ಬು ತಿಳಿಯಾಗುತ್ತೆ. ಕೆಲವರಿಗೆ ರಕ್ತ ಚೊಕ್ಕ ಇದ್ದರೂ ಬೆನ್ನುಹುರಿಯ ನೀರಲ್ಲಿ ವೈರಸ್ ಉಳಿದಿರುತ್ತೆ, ಅದು ಬೇರೆ ಕಥೆ. ಇವರಿಗೆ ಎರಡು ಕಡೆಯೂ ಏರಿದೆ. ವಿಚಿತ್ರ ಏನು ಗೊತ್ತಾ? ಮಾತ್ರೆ ಶುರು ಮಾಡಿದ ಹೊಸದರಲ್ಲಿ ಲೋಡ್ ಚೆನ್ನಾಗಿ ಇಳೀತಾ ಇತ್ತು. ಆಮೇಲೆ ತಿರುಗಿ ಹತ್ತಿತು. ವೈರಸ್ಸು ಮಾತ್ರೆಗೆ ಒಗ್ಗಿಕೊಂಡಿದೆಯಾ ಅಂತಲೂ ನೋಡಿದೆ, ಇಲ್ಲ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಅಂತ ಅವರ ಹೆಂಡತಿ ಆಣೆ ಇಡ್ತಾರೆ. ಬೇರೆ ಔಷಧಿ ಏನಾದ್ರೂ ಕೊಡ್ತೀರಾ ಅಂದ್ರೆ, ಏನೂ ಇಲ್ಲ ಅಂತಾರೆ."

"ಹೀಗೇ ಬಿಟ್ಟರೆ?"

"ಬಹಳ ದಿನ ಉರಿದದ್ದು ಪೂರ್ತಿ ಸರಿಹೋಗುತ್ತೆ ಅಂತ ಹೇಳಕ್ಕಾಗಲ್ಲ ಯಮುನಾ. ಬೇಗ ನೋಡಿ."

ಈ ಸ್ಥಿತಿಯಲ್ಲಿ ಇವರ ಮಾತನ್ನು ನೆಚ್ಚುವಂತಿಲ್ಲ ಎಂದು ಕೋಮಲಾ ಕೋರ್ಟಿಗೆ ಬರೆದುಕೊಟ್ಟಿದ್ದರು. ಅದರಿಂದ ಜುಂಜೇಶನಿಗೆ ಜಾಮೀನು ಸಿಕ್ಕೀತು. ಆದರೆ ಹೊರಗೆ ಬಂದವನ ಹಣೆಯ ಮೇಲಿನ ಕೊಲೆಗಾರ ಎಂಬ ಪಟ್ಟಿ ಅಳಿಸಬೇಕಾದರೆ ಬಸವರಾಜಪ್ಪನವರ ನೆನಪೇ ಮರಳಬೇಕಿತ್ತು.

ಒಳಗಿನಿಂದ ಬಳೆ ಸದ್ದಾಯಿತು. ಬಸವರಾಜಪ್ಪನವರ ಹೆಂಡತಿ ಶಿವರುದ್ರಮ್ಮ ಬಂದರು. ಹಣೆಯ ಮೇಲೆ ವಿಭೂತಿ, ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ. ಪೂಜೆ ಮುಗಿಸಿ, ಬಾಯಿಗೆ ಬೇರೇನೂ ಬೀಳುವ ಮೊದಲೇ ಮಾತ್ರೆ ಕೊಡುವುದು ಆ ಮನೆಯ ನೇಮ.

"ಬಾಯಿ ಬುಡಿ," ಅಂದರು. ಮಗುವಿಗೆ ಹೇಳುವ ಹಾಗೆ ಹೇಳಿದರು. ಬಸವರಾಜಪ್ಪ ಬಾಯಿ ತೆರೆದರು, ನುಂಗಿದರು, ನಾಲಿಗೆ ಹೊರಗಿಟ್ಟು ತೋರಿಸಿದರು. ಗಡ್ಡಕ್ಕೆ ಇಳಿದ ನೀರನ್ನು ಶಿವರುದ್ರಮ್ಮ ಸೆರಗಿನಿಂದ ಒರೆಸಿದರು. ನೋಡುತ್ತಿದ್ದ ಯಮುನಾಳ ಮನಸ್ಸು ಕರಗಿತು. ಇಂಥ ಹೆಂಗಸಿನ ಮೇಲೆ ಯಾರಾದರೂ ಅನುಮಾನ ಪಟ್ಟಾರೆಯೇ?

ಆಮೇಲೆ ಶಿವರುದ್ರಮ್ಮ ಕಿಟಕಿಯ ಮೇಲಿದ್ದ ಬಾಟಲಿ ತೆಗೆದು ಕುಲುಕಿ, ಮುಚ್ಚಳದ ತುಂಬ ಬೆಳ್ಳಗಿನ ಔಷಧಿ ಬಗ್ಗಿಸಿ ಅವರ ಬಾಯಿಗೆ ಹಿಡಿದರು.

"ಅದೇನಮ್ಮ?"

"ಗ್ಯಾಸಿಂದು ಕಣಮ್ಮ. ಮಾತ್ರೆ ಶ್ಯಾನೆ ಉಷ್ಣ. ಬರೀ ಹೊಟ್ಟೆಗೆ ಬಿದ್ರೆ ಎದೆ ಉರೀತದೆ ಅಂತಾರೆ. ಅದ್ಕೇ ಮೇಲೊಂದ್ ಮುಚ್ಳ ತಂಪಿಂದು."

"ದಿನಾನೂ?"

"ದಿನಾನೂ."

ಯಮುನಾ ತಲೆಯಾಡಿಸಿದಳು. ಅವಳ ಅವ್ವನೂ ಹಾಗೇ. ಜ್ವರದ ಮಾತ್ರೆ ನುಂಗಿಸಿದ ಕೂಡಲೇ ಮಜ್ಜಿಗೆ ಕುಡಿಸುತ್ತಿದ್ದಳು, ಉಷ್ಣಕ್ಕೆ ತಂಪು ಸಮ ಎಂದು. ನಮ್ಮ ಕಡೆ ಟಾನಿಕ್ಕನ್ನು, ಗ್ಯಾಸಿನ ನೀರನ್ನು ಔಷಧಿ ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಾಕ್ಟರು ಕೇಳಿದರೂ ಬಾಯಿಗೆ ಬರುವುದಿಲ್ಲ.

ಹಾಗಂದುಕೊಂಡೇ ಅವಳು ಅಂಗಳ ದಾಟಿ ಜೀಪಿನ ತನಕ ಹೋದಳು. ಬಾಗಿಲಿಗೆ ಕೈ ಹಾಕಿದವಳು ಅಲ್ಲೇ ನಿಂತಳು. ಡಾಕ್ಟರು ಕೇಳಿದರೂ ಬಾಯಿಗೆ ಬರುವುದಿಲ್ಲ! ಫೋನು ತೆಗೆದು ಕೋಮಲಾಗೆ ಹಚ್ಚಿದಳು, ಬಾಟಲಿಯ ಮೇಲಿದ್ದ ಹೆಸರು ಹೇಳಿದಳು.

ಕೋಮಲಾ ತಕ್ಷಣ ಕೇಳಿದರು.

"ಮಾತ್ರೆ ಜೊತೇಲೇನಾ? ಖಾಲಿ ಹೊಟ್ಟೇಲಿ?"

"ಕೂಡಲೇ. ನನ್ನ ಕಣ್ಣೆದುರಿಗೇ."

"ಅಯ್ಯೋ ದೇವರೇ. ಅದರಲ್ಲಿರೋ ಅಲ್ಯೂಮಿನಿಯಂ, ಮೆಗ್ನೀಸಿಯಂ ನಮ್ಮ ಮಾತ್ರೆಯನ್ನ ಹೊಟ್ಟೆಯಲ್ಲೇ ಕಟ್ಟಿಹಾಕಿಬಿಡುತ್ತೆ. ಮುಕ್ಕಾಲು ಪಾಲು ರಕ್ತಕ್ಕೆ ಸೇರೋದೇ ಇಲ್ಲ. ಯಾರು ಹೇಳಿದ್ರು ಇದನ್ನ ಕೊಡೋಕೆ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಬಾಯಿಗೆ ಬಂದದ್ದೂ ರಕ್ತಕ್ಕೆ ದಕ್ಕಿರಲಿಲ್ಲ. ದಿನವೂ ಆಣೆ ಇಟ್ಟು ಕೊಟ್ಟ ಮಾತ್ರೆ ದಿನವೂ ದಂಡವಾಗಿತ್ತು. ಲೋಡು ಏರುತ್ತ ಹೋಗಿತ್ತು, ಮನುಷ್ಯ ಇಳಿಯುತ್ತ ಹೋಗಿದ್ದ. ಬಾಟಲಿಗೆ ಅಂಟಿಸಿದ್ದ ಚೀಟಿ ಕಿಬ್ಬನಹಳ್ಳಿಯ ಮೆಡಿಕಲ್ ಸ್ಟೋರಿನದು. ಅಂಗಡಿ ಶಿವರುದ್ರಮ್ಮನ ತಂಗಿಯ ಮಗ ಜ್ಞಾನೇಶನದು. ಇದೇ ಮನೆಯಲ್ಲಿ ಬೆಳೆದು, ಮಕ್ಕಳಿಲ್ಲದ ಈ ದಂಪತಿಗೆ ಮಗನೂ ಆಗಿದ್ದವನು. ಬಸವರಾಜಪ್ಪನವರಿಗೆ ಕೈಲಾಗದಿದ್ದರೆ ಕೊಬ್ಬರಿ ವ್ಯಾಪಾರಕ್ಕೆ ಮುಂದೆ ಯಜಮಾನ ಯಾರು ಎಂದು ಊರಿನಲ್ಲಿ ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ.

"ರವಿ, ಯೂನಿಫಾರ್ಮ್ ಬಿಚ್ಚಿ ಬೇರೆ ಶರ್ಟ್ ಹಾಕೋ," ಅಂದಳು ಯಮುನಾ.

ಕಿಬ್ಬನಹಳ್ಳಿಯಲ್ಲಿ ಎರಡು ಬಸ್ಸು ಒಟ್ಟಿಗೇ ಬಂದು ನಿಂತಿದ್ದವು. ಎಳನೀರಿನವನ ಮರೆಯಲ್ಲಿ ನಿಂತ ಯಮುನಾಳಿಗೆ ಅಂಗಡಿಯೊಳಗಿನ ಮಾತು ಚೆನ್ನಾಗಿಯೇ ಕೇಳುತ್ತಿತ್ತು. ಜ್ಞಾನೇಶನ ಹೆಂಡತಿ ಇಂಪನಾ ಗಲ್ಲಾದಲ್ಲಿದ್ದಳು. ರವಿಕಿರಣ ಬಗ್ಗಿ, ದನಿ ತಗ್ಗಿಸಿ ಕೌಂಟರಿನ ಮೇಲೆ ಒಂದು ಮಾತ್ರೆ ಇಟ್ಟ. ಕೋಮಲಾ ಗುರುತಿಗೆಂದು ನಿನ್ನೆ ಕೊಟ್ಟಿದ್ದ ಅದೇ ಜಾತಿಯ ಮಾತ್ರೆ.

"ನಮ್ ಮಾವಂಗೆ ಇದು ಕೊಡ್ತಾವ್ರೆ ಅಣ್ಣ. ಎದೆ ಉರಿ ಅಂತಾರೆ. ಗ್ಯಾಸಿನ ಬಿಳೇ ಔಷಧಿ ಇರ್ತದಲ್ಲ, ಅದ್ನ ಇದ್ರ ಜೊತೆಗೇ ಕುಡಿಸ್ಬೋದಾ?"

ಜ್ಞಾನೇಶ ಮಾತ್ರೆಯನ್ನು ತಿರುಗಿಸಿ ನೋಡಿದ. ಬೆಳಕಿಗೆ ಹಿಡಿಯುವ ಅಗತ್ಯವೂ ಅವನಿಗೆ ಬೀಳಲಿಲ್ಲ.

"ಜೊತೆಗೆ ಬ್ಯಾಡಪ್ಪ. ಮಾತ್ರೆ ಹಿಡಿಯಲ್ಲ. ಬೆಳಿಗ್ಗೆ ಇದು ಕೊಟ್ರೆ ಅದನ್ನ ಸಾಯಂಕಾಲ ಕೊಡಿ."

ಯಮುನಾ ಒಳಗೆ ಬಂದಳು.

"ಚೆನ್ನಾಗಿ ಹೇಳಿದ್ರಿ ಜ್ಞಾನೇಶ್. ಶೆಟ್ಟಿಕೆರೆಗೂ ಇದನ್ನೇ ಹೇಳಬಹುದಿತ್ತಲ್ಲ?"

ಜ್ಞಾನೇಶನ ಕೈ ಮೊದಲು ಹೋದದ್ದು ಕಪಾಟಿನ ಕೆಳಗಿನ ಸಾಲಿಗೆ, ಆ ಬಿಳಿ ಬಾಟಲಿಗಳು ಇದ್ದ ಕಡೆಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಸುಳ್ಳಲ್ಲ.

"ಏನ್ ಮೇಡಂ? ಯಾವ ಶೆಟ್ಟಿಕೆರೆ?"

"ನೀವು ಬೆಳೆದ ಮನೆ. ಆ ಮನೆಯ ಯಜಮಾನರಿಗೆ ದಿನಾ ಖಾಲಿ ಹೊಟ್ಟೇಲಿ ಮಾತ್ರೆ, ಅದರ ಬೆನ್ನಿಗೇ ನಿಮ್ಮ ಅಂಗಡಿ ಬಾಟ್ಲಿ. ಯಾವ ಮಾತ್ರೆ, ಯಾಕೆ ಅಂತ ಇಲ್ಲಿ ಬಾಯಿ ಬಿಡಲ್ಲ ನಾನು. ನಿಮಗೆ ಗೊತ್ತು."

ಇಂಪನಾ ಎದ್ದು ಅಂಗಡಿಯ ಅರ್ಧ ಶಟರ್ ಎಳೆದಳು.

"ದೊಡ್ಡಮ್ಮನೇ ಎದೆ ಉರಿಗೆ ಅಂತ ತಗೊಂಡೋಗ್ತಿದ್ರು," ಅಂದ ಜ್ಞಾನೇಶ. "ನನಗೇನು ಗೊತ್ತು ಮೇಡಂ ಹೇಗೆ ಕುಡಿಸ್ತಾರೆ ಅಂತ?"

"ಈಗ ತಾನೇ ದಾರಿಹೋಕನಿಗೆ ಅಷ್ಟು ಚೊಕ್ಕವಾಗಿ ಹೇಳಿದ್ರಲ್ಲ. ಸಾಕಿದ ತಾಯಿಗೆ ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ? ದೊಡ್ಡಪ್ಪನಿಗೆ ನೆನಪು ಬಂದ್ರೆ ಯಾರಿಗೆ ತೊಂದರೆ? ಗಂಗಾಧರಯ್ಯನೂ ಇಲ್ಲ, ಇವರೂ ಇಲ್ಲ ಅಂದ್ರೆ ಉಳಿಯೋದು ಯಾರು?"

"ಮೇಡಂ, ಬಾಯಿಗೆ ಬಂದಂಗೆ ಮಾತಾಡ್ಬೇಡಿ!"

"ಆವತ್ತು ನೀವೆಲ್ಲಿದ್ರಿ?"

"ಇಲ್ಲೇ! ಈ ಕೌಂಟರಿನಲ್ಲೇ! ಬಸ್‌ಸ್ಟ್ಯಾಂಡ್ ಪೂರ್ತಿ ನೋಡೈತೆ, ಕೇಳ್ಕೊಳ್ಳಿ!" ಅವನ ದನಿ ಒಡೆಯಿತು. "ಎತ್ತಿ ಆಡಿಸಿದವರಿಗೆ ನಾನು ವಿಷ ಹಾಕ್ತೀನಾ? ನಾನು ಹೇಳಿದ್ದೀನಿ ಕಣ್ರೀ! ಹೇಳಿದ್ದೀನಿ!"

"ಯಾರಿಗೆ?"

ಅವನು ಹಣೆಯ ಬೆವರು ಒರೆಸಿಕೊಂಡ. ಹೇಳಬಾರದ್ದನ್ನು ಹೇಳಿದವನಂತೆ ಹೆಂಡತಿಯ ಕಡೆ ನೋಡಿದ.

"ಹೇಳ್ಬುಡಿ," ಅಂದಳು ಇಂಪನಾ. "ನೀವು ಹೇಳ್ದಿದ್ರೆ ನಾನು ಹೇಳ್ತೀನಿ. ನಾಳೆ ನಮ್ಮ ಕುತ್ತಿಗೆಗೇ ಬತ್ತೈತೆ." ಅವಳು ಯಮುನಾಳ ಕಡೆ ತಿರುಗಿದಳು. "ಶೆಟ್ಟಿಕೆರೆ ಅತ್ತೆಗೆ ಹೇಳವ್ರೆ ಮೇಡಂ. ನನ್ನೆದುರಿಗೇ. ಗಂಗಾಧರಣ್ಣ ಸತ್ತು ಅವರ ಶಿವಗಣಾರಾಧನೆ ಆದ ಮಾರನೇ ದಿನ ಮೊದಲ್ನೇ ಬಾಟ್ಲಿಗೆ ಬಂದಿದ್ರು. ಆಗಲೇ ಇವ್ರು ಹೇಳಿದ್ರು, ದೊಡ್ಡಮ್ಮ, ಮಾತ್ರೆ ಜೊತೆಗೆ ಮಾತ್ರ ಕೊಡ್ಬ್ಯಾಡ, ಮಾತ್ರೆ ಕೆಲಸ ಮಾಡಲ್ಲ, ದೊಡ್ಡಪ್ಪನ ತಲೆ ಮತ್ತೆ ಮಬ್ಬಾಗ್ತದೆ ಅಂತ."

"ಅದಕ್ಕೆ ಅವರೇನಂದ್ರು?"

ಜ್ಞಾನೇಶ ತಲೆ ತಗ್ಗಿಸಿಯೇ ಹೇಳಿದ. "ಎರಡು ಸಲ ಕೇಳಿದ್ರು ಮೇಡಂ. ಜೊತೆಗೆ ಕೊಟ್ರೇನೇ ಹಂಗಾಗೋದಾ, ಬೇರೆ ಹೊತ್ತಲ್ಲಿ ಕೊಟ್ರೆ ಆಗಲ್ವಾ ಅಂತ. ಆಯ್ತು ಕಣಪ್ಪ ಅಂದ್ರು. ಆಮೇಲೆ ಇನ್ನೂ ಒಂದು ಬಾಟ್ಲಿ ಹೆಚ್ಚಿಗೆ ಕೊಡು ಅಂದ್ರು."

ಯಮುನಾ ಶೆಟ್ಟಿಕೆರೆಗೆ ಜೀಪು ತಿರುಗಿಸಿದಳು. ತೆಂಗಿನ ತೋಟಗಳು ಎರಡೂ ಬದಿ ಹಿಂದೆ ಸರಿಯುತ್ತಿದ್ದವು. ಅವಳಿಗೆ ತನ್ನ ಮೇಲೇ ಸಿಟ್ಟು ಬಂದಿತ್ತು. ಬೆಳಿಗ್ಗೆ ಆ ಸೆರಗಿನ ತುದಿ ನೋಡಿ ಕರಗಿದ್ದೆನಲ್ಲ, ಕಾಯುವ ಬೇಲಿಯೇ ಹೊಲ ಮೇಯುತ್ತಿದ್ದದ್ದು ಕಣ್ಣಿಗೆ ಕಾಣಲಿಲ್ಲವಲ್ಲ! ಜೊತೆಗೆ ಕೊಟ್ಟರೇನೇ ಹಾಗಾಗುವುದಾ ಎಂದು ಕೇಳಿ ತಿಳಿದುಕೊಂಡವಳು ಅದನ್ನು ಮರೆತು ಕೊಟ್ಟಳು ಅನ್ನುವುದಕ್ಕೆ ದಾರಿಯೇ ಇರಲಿಲ್ಲ.

ಶಿವರುದ್ರಮ್ಮ ನಡುಮನೆಯಲ್ಲಿ ರಾಗಿ ಕೇರುತ್ತಿದ್ದರು. ಗಂಡ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಯಮುನಾಳ ಮುಖ ನೋಡಿದ ಶಿವರುದ್ರಮ್ಮ ಮೊರ ಕೆಳಗಿಟ್ಟರು.

"ಗೊತ್ತಾಯ್ತಾ?" ಅಂದರು.

ಹೀಗೆ ಕೇಳುತ್ತಾರೆಂದು ಯಮುನಾ ಎಣಿಸಿರಲಿಲ್ಲ. ದಾರಿಯಲ್ಲಿ ಜೋಡಿಸಿಟ್ಟುಕೊಂಡಿದ್ದ ಪ್ರಶ್ನೆಗಳೆಲ್ಲ ವ್ಯರ್ಥವಾದವು.

"ಗೊತ್ತಿದ್ದೂ ಕೊಟ್ರಾ?"

"ಗೊತ್ತಿದ್ದೇ ಕೊಟ್ಟೆ."

"ಅವರ ತಲೆ ದಿನದಿನಕ್ಕೆ ಹಾಳಾಗ್ತಿದೆ ಅಂತ ಕಾಣಿಸಲಿಲ್ವಾ ನಿಮಗೆ?"

"ಕಾಣ್ದೆ ಏನಮ್ಮ? ಉಚ್ಚೆ ಬಟ್ಟೆ ಒಗೆಯೋಳು ನಾನು." ಶಿವರುದ್ರಮ್ಮನ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಮಾತ್ರೆ ಹಿಡೀತಾ ಹೋದಂಗೆ ಅವ್ರಿಗೆ ಎಲ್ಲಾ ನೆನಪಾಗ್ತಾ ಬಂತು. ಗಂಗಾಧರ ಎಲ್ಲಿ, ಗಂಗಾಧರಂಗೆ ಏನಾಯ್ತು ಅಂತ ದಿನಾ ಕೇಳೋರು. ಇನ್ನೊಂದ್ ತಿಂಗ್ಳು ಬುಟ್ಟಿದ್ರೆ ಪೂರ್ತಿ ನೆನಪಾಗೋದು. ಆಗ ಅವ್ರೇ ಪೊಲೀಸ್ರ ಮುಂದೆ ಹೋಗಿ ನಿಲ್ಲೋರು. ನನ್ ಗಂಡನ್ನ ನಾನು ಬಲ್ಲೆ, ಸುಳ್ಳು ಹೇಳೋರಲ್ಲ."

"ಏನು ನೆನಪಾಗೋದು?"

"ಹೊಡ್ದಿದ್ದು ಅವ್ರೇ ಅನ್ನೋದು."

ಯಮುನಾ ಹೊಸ್ತಿಲು ದಾಟಿ ಹತ್ತಿರ ಬಂದಳು.

"ತಲೆ ಸ್ವಾಧೀನ ಇರ್ಲಿಲ್ಲ ಆವತ್ತು. ಗಂಗಾಧರ ಏನೋ ಅಂದ, ಇವ್ರು ಮಚ್ಚು ತಗೊಂಡ್ರು," ಅಂದರು ಶಿವರುದ್ರಮ್ಮ. "ನಾನು ಹೋಗೋ ಹೊತ್ಗೆ ಎಲ್ಲಾ ಮುಗ್ದಿತ್ತು. ಹಿತ್ಲಿಗೆ ಕರ್ಕೊಂಡ್ಬಂದು ತೊಟ್ಟಿ ನೀರಲ್ಲಿ ಅವ್ರ ಕೈಯ ರಕ್ತ ತೊಳ್ದೋಳು ನಾನು."

"ಜುಂಜೇಶ?"

"ಪೊಲೀಸ್ರು ಜುಂಜನಾ ಅಂತ ಕೇಳಿದ್ರು, ಇವ್ರು ಹೂಂ ಅಂದ್ರು. ನಾನು ಸುಮ್ನಿದ್ದೆ. ಪಾಪ ಮಾಡ್ದೆ. ಆ ಮುದ್ದಕ್ಕನ ಮಕ ನೋಡಕ್ಕಾಗದೆ ಪ್ಯಾಟೆಗೆ ಹೋಗದ್ನೇ ಬುಟ್ಟಿದೀನಿ. ನಿಮ್ಗೆ ಬೇಕಾಗಿದ್ದು ಇದೇ ತಾನೇ? ಆ ಹುಡ್ಗನ್ನ ಬುಡಿಸಿ. ಇವ್ರಿಗೆ ತಲೆ ಸರಿ ಇರ್ಲಿಲ್ಲ ಅಂತ ಡಾಕ್ಟ್ರು ಬರ್ಕೊಟ್ಟವ್ರಂತೆ. ಹುಚ್ಚರಿಗೆ ಗಲ್ಲು ಹಾಕಲ್ವಂತೆ."

ಯಮುನಾಳಿಗೆ ಆ ಕ್ಷಣ ನಿಜವಾಗಿಯೂ ಸಂಕಟವಾಯಿತು. ಜುಂಜೇಶ ಬಿಡುಗಡೆಯಾಗುತ್ತಾನೆ ಎಂಬ ಸಮಾಧಾನಕ್ಕಿಂತ ಈ ಹೆಂಗಸಿನ ಪಾಡೇ ದೊಡ್ಡದಾಗಿ ಕಂಡಿತು. ಗಂಡನನ್ನು ಉಳಿಸಿಕೊಳ್ಳಲು ಗಂಡನ ಬುದ್ಧಿಯನ್ನೇ ಬಲಿ ಕೊಟ್ಟವಳನ್ನು ಯಾವ ಕಲಮಿನಲ್ಲಿ ಹಿಡಿಯುವುದು?

"ರುದ್ರೀ."

ಬಸವರಾಜಪ್ಪ ಕಣ್ಣು ತೆರೆದಿದ್ದರು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ. ಬೆಳಗಿನ ಮಬ್ಬು ಆ ದನಿಯಲ್ಲಿ ಇರಲಿಲ್ಲ.

"ತೊಟ್ಟಿ ನೀರು ತಣ್ಣಗಿತ್ತು ಕಣೇ. ನೀನು ನಡುಗ್ತಾ ಇದ್ದೆ. ರಕ್ತ ಬಳೆ ಸಂದೀಲಿ ಸಿಕ್ಕಂಡಿತ್ತು, ಹೋಗ್ತಾನೇ ಇರ್ಲಿಲ್ಲ. ನಾನೇ ಒಂದೊಂದೇ ಬಳೆ ಬಿಚ್ಚಿ ತೊಳ್ದೆ."

ಅವರು ಹೆಂಡತಿಯ ಕೈಗಳನ್ನೇ ನೋಡುತ್ತಿದ್ದರು.

"ತೊಳ್ದಿದ್ದು ನೀನಲ್ಲ, ನಾನು. ನಿನ್ ಕೈನ."

ಶಿವರುದ್ರಮ್ಮ ನಿಧಾನವಾಗಿ ಎದ್ದರು, ಗಂಡನ ಬಳಿ ಹೋದರು, ಸೆರಗಿನಿಂದ ಅವರ ಬಾಯಂಚು ಒರೆಸಿದರು. ಆಮೇಲೆ ಯಮುನಾಳ ಕಡೆ ತಿರುಗಿದಾಗ ಅವರ ಕಣ್ಣಿನಲ್ಲಿ ನೀರಿರಲಿಲ್ಲ.

"ನೋಡಿದ್ರಾ ಮೇಡಂ, ಹೆಂಗಾಗೋಗವ್ರೆ," ಅಂದರು. "ಇವ್ರ ಮಾತ್ನ ನೆಚ್ಚಬ್ಯಾಡಿ ಅಂತ ನಿಮ್ ಡಾಕ್ಟ್ರೇ ಬರ್ಕೊಟ್ಟವ್ರಲ್ಲ."